ಮಗಳಿಗೊಂದು ಪತ್ರ: ಒಣ ಕಸ ನಾರೋದು ಯಾಕೆ?

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದೇ ತಲೆಯಲ್ಲಿ ಓಡುತ್ತಿದೆ. ಕಾಲೇಜಿನವರು ಒಣ ಕಸ ಸಂಗ್ರಹ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದು, ಒಳಗೆ ಕಾಲಿಟ್ಟ ಕೂಡಲೇ ನೀವೆಲ್ಲ ಮೂಗು ಮುಚ್ಚಿಕೊಂಡಿದ್ದು, ಆಮೇಲೆ 'ಬೆಂಗಳೂರಂಥ ಊರಲ್ಲೂ ಎಲ್ಲ ಕೈಯಲ್ಲೇ ಬೇರೆ ಮಾಡ್ತಾರಮ್ಮ, ಒಂದು ಮೆಷಿನ್ ಹಾಕಬಾರದಾ' ಅಂತ ನೀನು ಸಿಟ್ಟಾಗಿದ್ದು. ಸಿಟ್ಟು ಬಂದಿದ್ದು ಒಳ್ಳೇದೇ. ಆದರೆ ವರದಿಯಲ್ಲಿ ಅಷ್ಟೇ ಬರೆದು ಮುಗಿಸಬೇಡ ಮಾರಾಯ್ತಿ.

ಒಣ ಕಸ ನಾರಬಾರದು ಅಲ್ವಾ? ರಟ್ಟು, ಪೇಪರು, ಬಾಟಲಿಗೆ ಎಲ್ಲಿಯ ವಾಸನೆ? ಯಾರೋ ಉಳಿದ ಸಾರನ್ನು ಅದರ ಜೊತೆಗೇ ಸುರಿದಿರುತ್ತಾರೆ, ಹಾಲಿನ ಕವರ್ ತೊಳೆದಿರುವುದಿಲ್ಲ, ಸ್ಯಾನಿಟರಿ ಪ್ಯಾಡನ್ನು ಸುತ್ತದೆ ಹಾಗೇ ಎಸೆದಿರುತ್ತಾರೆ. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಬೇರೆ ಕೊಡಿ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ! ಹಸಿ ಕಸಕ್ಕೊಂದು, ಪ್ಯಾಡಿನಂಥದ್ದಕ್ಕೊಂದು ಹೀಗೆ ಎರಡು ಡಬ್ಬ, ಒಣ ಕಸಕ್ಕೆ ಒಂದು ಚೀಲ ಅಂತ ಹೈಕೋರ್ಟೇ 2015ರಲ್ಲಿ ಹೇಳಿತು. ಅಡುಗೆಮನೆಯಲ್ಲಿ ಕಲಸಿಹೋದದ್ದನ್ನು ಅಲ್ಲಿ ಹೆಂಗಸರು ಬೆರಳಲ್ಲಿ ಬಿಡಿಸುತ್ತಾರೆ.

ಆ ಬೆರಳಿಗೆ ಎಷ್ಟು ಗೊತ್ತು ಅನ್ನೋದನ್ನೂ ಬರಿ. ನೀರಿನ ಬಾಟಲಿ ಒಂದು ಪ್ಲಾಸ್ಟಿಕ್, ಅದರ ಮುಚ್ಚಳ ಇನ್ನೊಂದು. ಚೂರು ಮಾಡಿ ನೀರಿಗೆ ಹಾಕಿದರೆ ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಅವರು ಮುಟ್ಟಿಯೇ ಹೇಳಿಬಿಡುತ್ತಾರೆ. ನಿನ್ನ ಚಿಪ್ಸ್ ಪ್ಯಾಕೆಟ್ ಇದೆಯಲ್ಲ, ಪದರ ಪದರ ಅಂಟಿಸಿದ್ದು, ಅದಕ್ಕೆ ಗುಜರಿಯವರೂ ಕಾಸು ಕೊಡೋದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯಬೇಕು, ಇಲ್ಲವಾದರೆ ಊರಾಚೆಯ ಕಸದ ಗುಡ್ಡೆ ಸೇರಬೇಕು. 2014ರಲ್ಲಿ, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರಿನ ಜನ ಈ ಕಸ ಬೇಡ ಅಂತ ಬೀದಿಗಿಳಿದಿದ್ದು ಸುಮ್ನೆ ಅಲ್ಲ.

ಅವರಂಥ ಚಿಂದಿ ಆಯುವವರಿಗೆ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಗುರುತಿನ ಚೀಟಿ ಕೊಡಲು ಶುರುಮಾಡಿದ್ದು 2011ರಲ್ಲಿ. ಅಲ್ಲಿಯವರೆಗೆ ಅವರನ್ನು ಕಳ್ಳರ ಹಾಗೆ ನೋಡುವವರೇ ಜಾಸ್ತಿ. ಅದಕ್ಕೇ ಮೆಷಿನ್ ಬೇಕು ಅಂತ ಬರೆಯುವ ಮೊದಲು ಇನ್ನೊಂದು ಸಲ ಹೋಗಿ ಅವರನ್ನೇ ಕೇಳು. ಸಾಗಿಸುವ ಬೆಲ್ಟು, ಗಟ್ಟಿ ಗ್ಲೌಸು, ಸರಿಯಾದ ಕೂಲಿ, ಇದರಲ್ಲಿ ಯಾವುದು ಮೊದಲು ಬೇಕು ಅಂತ. ಹೋದಾಗ ಮೂಗು ಮಾತ್ರ ಮುಚ್ಚಿಕೊಳ್ಳಬೇಡ.

ಹಾಂ, ಹಾಸ್ಟೆಲ್ಲಿನಲ್ಲಿ ಹಾಲಿನ ಕವರ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡ, ಆ ಚಿಕ್ಕ ಚೂರು ಯಾರ ಕೈಗೂ ಸಿಗೋದಿಲ್ಲ. ವರದಿ ಬರೆದಾದ ಮೇಲೆ ನನಗೂ ಕಳಿಸು.

ಅಮ್ಮ