ಮೇಷ್ಟ್ರ ನೋಟುಪುಸ್ತಕಗಳನ್ನು ಅವರಿರುವಾಗಲೇ ಓದಿಸಿಕೊಳ್ಳಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಸವಿನಯ ನಮಸ್ಕಾರಗಳು.

ಶಿಕಾರಿಪುರ ತಾಲ್ಲೂಕಿನಲ್ಲಿ ತೊಂಬತ್ತು ದಾಟಿದ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿದ್ದಾರೆ. ಹೆಸರು ಹಾಕಕೂಡದೆಂದು ಅವರೇ ತಾಕೀತು ಮಾಡಿರುವುದರಿಂದ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ನಾನು ಅವರ ಹಳೆಯ ವಿದ್ಯಾರ್ಥಿ. ಅವರಿಗೊಂದು ಪ್ರಶಸ್ತಿ ಕೊಡಿ ಎಂದು ಕೇಳಲು ಬರೆಯುತ್ತಿಲ್ಲ. ಶಾಲು, ಹಾರ, ಸ್ಮರಣಿಕೆಗಳು ಅವರ ಮನೆಯಲ್ಲಿ ಬೇಕಾದಷ್ಟಿವೆ. ಈಗ ತುರ್ತಾಗಿ ಬೇಕಿರುವುದು ಶಾಸನ ಓದಬಲ್ಲ ಒಬ್ಬ ಯುವ ಸಂಶೋಧಕ, ಒಂದು ಸ್ಕ್ಯಾನರ್, ಕೆಲವು ತಿಂಗಳ ಸಂಬಳ.

ಇಂಗ್ಲಿಷ್ ಪಾಠ ಹೇಳುವವರಿಗೂ ಕಲ್ಲಿನ ಬರಹಕ್ಕೂ ಎಲ್ಲಿಯ ನಂಟು? ಆ ನಂಟು ಬೆಳೆದದ್ದು ಬಿ.ಎಲ್. ರೈಸ್ ಅವರಿಂದ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಶಿಕ್ಷಕ ವೃತ್ತಿಯಿಂದ ಆರಂಭಿಸಿ, ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದ ರೈಸ್ ನಮ್ಮ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 7ನೇ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಮೂಲಪಾಠ ಹಳೆಗನ್ನಡ ಅಥವಾ ಸಂಸ್ಕೃತ, ಅನುವಾದ ಇಂಗ್ಲಿಷ್. ಊರಿನವರಿಗೆ ಎರಡೂ ದೂರ. ತಮ್ಮ ಹೊಲದ ಕಲ್ಲಿನಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಅವರು ಬರುತ್ತಿದ್ದುದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಬಳಿಗೆ. ಮೇಷ್ಟ್ರು ಮೊದಲು ಅನುವಾದ ಓದಿ ಹೇಳಿದರು, ಆಮೇಲೆ ಮೂಲ ಕಲಿತರು, ಕೊನೆಗೆ ರೈಸರ ಕಣ್ಣಿಗೆ ಬೀಳದ ಕಲ್ಲುಗಳನ್ನು ಹುಡುಕುತ್ತ ಸೈಕಲ್ ತುಳಿದರು. ನಿವೃತ್ತರಾದ ಮೇಲಂತೂ ಅದೇ ಅವರ ಪೂರ್ಣಾವಧಿ ಕೆಲಸವಾಯಿತು.

ನಮ್ಮ ನೆಲ ಎಂಥದ್ದೆಂದು ತಮಗೆ ಹೇಳಬೇಕಾಗಿಲ್ಲ. ಮಯೂರಶರ್ಮ ಕಂಚಿಗೆ ವಿದ್ಯೆಗೆ ಹೋಗಿ ಅವಮಾನಿತನಾಗಿ ಬಂದು ಕದಂಬ ರಾಜ್ಯ ಕಟ್ಟಿದ ಕಥೆಯನ್ನು ಕುಬ್ಜ ಕವಿ ಹೇಳಿರುವುದು ತಾಳಗುಂದದ ಕಂಬದ ಮೇಲೆ. ಅದೇ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವಜ್ಞರು ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು, ಸುಮಾರು 370ರದು ಎಂದು ಗುರುತಿಸಿದರು. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವ್ಯಾಕರಣ, ವೇದಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಈ ಶಾಸನವನ್ನು ವಿವರಿಸುವಾಗ ಮೇಷ್ಟ್ರ ದನಿ ಈಗಲೂ ಏರುತ್ತದೆ. 'ದೇಶಾಂತರದಿಂದ ಬಂದವರಿಗೂ ಇಲ್ಲಿ ಊಟವಿತ್ತು ಕಣಯ್ಯಾ' ಎನ್ನುತ್ತಾರೆ.

ಈ ದೊಡ್ಡ ಶಾಸನಗಳಿಗೆ ಕಾವಲಿದೆ, ಪುಸ್ತಕಗಳಲ್ಲಿ ಜಾಗವಿದೆ. ನನ್ನ ಚಿಂತೆ ಚಿಕ್ಕವುಗಳದ್ದು. ಮೇಷ್ಟ್ರ ನೋಟುಪುಸ್ತಕದ ಒಂದು ಪುಟ ನನ್ನ ಮುಂದಿದೆ. ಪೆನ್ಸಿಲ್ ಬರಹ: 'ಕೋಡಿ ಪಕ್ಕ. ವೀರಗಲ್ಲು, ಮೂರು ಹಂತ. ಕೆಳಗೆ ತುರುಗೋಳ್, ನಾಲ್ಕು ಹಸು. ಎರಡನೇ ಪಟ್ಟಿಯ ಅಕ್ಷರ ಸವೆದಿವೆ. ಕುಡುಗೋಲು ಮಸೆದ ಗುರುತು. ಗೌ. ಅಜ್ಜಿ ಕಥೆ ನೋಡಿ.' ತುರುಗೋಳ್ ಎಂದರೆ ದನ ಹೊಡೆದೊಯ್ಯುವ ದಾಳಿ. ಆದರೆ ಯಾವ ಕೆರೆಯ ಕೋಡಿ? ಗೌ. ಎಂದರೆ ಯಾರು? ಕೇಳಿದೆ. ಕಣ್ಣು ಮುಚ್ಚಿಕೊಂಡೇ ಊರು, ಕೆರೆ, ಅಜ್ಜಿಯ ಮನೆತನ ಎಲ್ಲವನ್ನೂ ಹೇಳಿದರು. ಹಸು ಈದಾಗ ಮೊದಲ ಹಾಲನ್ನು ಆ ಕಲ್ಲಿಗೆ ಎರೆಯುತ್ತಿದ್ದರಂತೆ. ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಮಡಿದವನಿಗೆ ಹಾಲು! ಯಾರ ಹೆಸರೂ ನೆನಪಿಲ್ಲದಿದ್ದರೂ ಊರು ಋಣ ತೀರಿಸುತ್ತಿತ್ತು. ರಸ್ತೆ ಅಗಲ ಮಾಡುವಾಗ ಆ ಕಲ್ಲು ಮೋರಿಯ ಚಪ್ಪಡಿಯಾಯಿತು. ಈಗ ಅದಕ್ಕೆ ಉಳಿದಿರುವುದು ಈ ಆರು ಸಾಲು ಮತ್ತು ಮೇಷ್ಟ್ರ ನೆನಪು.

ಇಂಥ ನೋಟುಪುಸ್ತಕಗಳು ಎರಡು ಟ್ರಂಕು ತುಂಬ ಇವೆ. ಕಲ್ಲಿನ ಬರಹದ ಮೇಲೆ ಕಾಗದವಿಟ್ಟು ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳು ಸುರುಳಿ ಸುತ್ತಿಕೊಂಡು ಅಟ್ಟದ ಮೇಲಿವೆ. ಮಲೆನಾಡಿನ ಅಂಚಿನ ಮಳೆಗಾಲ, ಗೆದ್ದಲು ಬೇರೆ. ಇವನ್ನು ಉಳಿಸಿಕೊಡಿ ಎಂದು ಒಂದು ಕಚೇರಿಗೆ ಅರ್ಜಿ ಹಾಕಿದೆವು. 'ಪಟ್ಟಿ ಮಾಡಿ ಕೊಟ್ಟರೆ ದಾನವಾಗಿ ಸ್ವೀಕರಿಸುತ್ತೇವೆ' ಎಂದು ಉತ್ತರ ಬಂತು. ಪಟ್ಟಿ ಮಾಡಬಲ್ಲವರು ಒಬ್ಬರೇ, ಅವರ ಕಣ್ಣು ಮಂಜಾಗಿದೆ. ಕಾಗದ ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟರೆ ಕಾಗದ ಉಳಿದೀತು, ಅರ್ಥ ಉಳಿಯದು. ನೋಟುಪುಸ್ತಕವನ್ನು ಅವರ ಮುಂದೆ ಓದಬೇಕು, ಅವರು ಹೇಳಿದ್ದನ್ನು ಧ್ವನಿಮುದ್ರಿಸಬೇಕು, ಅಲ್ಲೇ ಬರೆದುಕೊಳ್ಳಬೇಕು.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕೆ ದುಡಿದ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಪ್ರತಿಷ್ಠಾನ ಬೆಂಗಳೂರಿನಲ್ಲಿ ಹಸ್ತಪ್ರತಿಗಳನ್ನು ಕಾಪಾಡುತ್ತ ಬಂದಿದೆ. ಜಿಲ್ಲೆಗಳಲ್ಲಿ ಒಬ್ಬಂಟಿಯಾಗಿ ದುಡಿದವರ ಸಂಗ್ರಹಗಳಿಗೆ ಅಂಥ ಆಸರೆ ಎಲ್ಲಿದೆ? ಪ್ರತಿ ತಾಲ್ಲೂಕಿನಲ್ಲೂ ಇಂಥ ಒಬ್ಬಿಬ್ಬರು ಹಿರಿಯರು ಸಿಕ್ಕಾರು. ಒಂದು ಸಣ್ಣ ಯೋಜನೆ ಮಾಡಿ, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಅವರ ಮನೆಗಳಿಗೆ ಕಳುಹಿಸಿ. ನಮ್ಮ ಮೇಷ್ಟ್ರ ಸಂಗ್ರಹದ ಒಂದು ಪ್ರತಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ನಮ್ಮೂರಿನ ಗ್ರಂಥಾಲಯದಲ್ಲಿ ಇರಲಿ. ಮೂಲ ಎಲ್ಲಿರಬೇಕೆಂಬುದನ್ನು ಅವರೇ ತೀರ್ಮಾನಿಸಲಿ, ಆ ಹಕ್ಕು ಅವರದು.

ಬೆಳಿಗ್ಗೆ ತಿಂಡಿಯಾದ ಮೇಲೆ ಮಧ್ಯಾಹ್ನದ ಊಟದವರೆಗೆ ಮೇಷ್ಟ್ರು ಲವಲವಿಕೆಯಿಂದ ಮಾತಾಡುತ್ತಾರೆ, ಸಂಜೆಗೆ ಆಯಾಸವಾಗುತ್ತದೆ. ಬರುವವರಿಗೆ ಊಟ, ವಸತಿಯ ಹೊಣೆ ನಾವು ಹಳೆಯ ವಿದ್ಯಾರ್ಥಿಗಳದ್ದು. ಮುಂಗಾರು ಹಿಡಿಯುವುದರೊಳಗೆ ಯಾರನ್ನಾದರೂ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮೇಷ್ಟ್ರ ಹಳೆಯ ವಿದ್ಯಾರ್ಥಿ
ಶಿಕಾರಿಪುರ ತಾಲ್ಲೂಕು