ಸ್ಮಾರ್ಟ್ ಕ್ಲಾಸ್‌ಗೆ ಮೊದಲು ವೇಳಾಪಟ್ಟಿಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಸರ್ಕಾರಿ ಪ್ರೌಢಶಾಲೆಗೆ ಬಂದ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಯುಪಿಎಸ್‌ಗಳು ಪಾಠಕ್ಕೆ ಒದಗುವುದೂ ಮೂಲೆ ಸೇರುವುದೂ ಬಹುಪಾಲು ಮುಖ್ಯ ಶಿಕ್ಷಕರ ಕೈಯಲ್ಲಿದೆ. ಸಾಮಾನು ದಾಸ್ತಾನು ವಹಿಗೆ ಏರಿದ ದಿನದಿಂದ ಅದು ಕೆಟ್ಟರೂ ಕಳುವಾದರೂ ಉತ್ತರ ಕೊಡಬೇಕಾದವರು ಅವರೇ. ಈ ಹೆದರಿಕೆಗೆ ಎಷ್ಟೋ ಕಡೆ ಕೊಠಡಿಗೆ ಬೀಗ ಬೀಳುತ್ತದೆ. ಲ್ಯಾಪ್‌ಟಾಪ್ ಮಾತ್ರ ಸ್ಯಾಟ್ಸ್ (ಮಕ್ಕಳ ದಾಖಲೆಗಳ ಇಲಾಖಾ ಜಾಲತಾಣ) ಮಾಹಿತಿ ತುಂಬಲು, ಬಿಸಿಯೂಟದ ಲೆಕ್ಕ ಬರೆಯಲು ಕಚೇರಿ ಮೇಜಿಗೆ ಬರುತ್ತದೆ.

ಬೀಗ ಹಾಕಿಟ್ಟರೆ ಯುಪಿಎಸ್‌ನ ಬ್ಯಾಟರಿ ಉಳಿಯುವುದಿಲ್ಲ. ಬೇಸಿಗೆ ರಜೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿ ಕಟ್ಟುತ್ತದೆ. ಶಾಲೆ ತೆರೆದ ಮೇಲೆ ಕರೆಂಟ್ ಹೋಯಿತೆಂದರೆ ಯುಪಿಎಸ್ ನಾಲ್ಕು ಸಲ ಕೂಗಿ ನಿಂತುಬಿಡುತ್ತದೆ. ರಜೆಯಲ್ಲೂ 15 ದಿನಕ್ಕೊಮ್ಮೆ ಇಡೀ ದಿನ ಚಾರ್ಜ್‌ಗೆ ಹಾಕಬೇಕು. ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಬೋರ್‌ವೆಲ್ ನೀರನ್ನಂತೂ ಹಾಕಲೇಬಾರದು. ಅದರ ಲವಣಗಳು ಬ್ಯಾಟರಿಯನ್ನು ಹಾಳುಮಾಡುತ್ತವೆ. ಪ್ರೊಜೆಕ್ಟರಿನ ಗಾಳಿ ಫಿಲ್ಟರನ್ನು ತಿಂಗಳಿಗೊಮ್ಮೆ ಒರೆಸಬೇಕು. ಸೀಮೆಸುಣ್ಣದ ದೂಳು ಕಟ್ಟಿದರೆ ಒಳಗೆ ಬಿಸಿಯೇರಿ, ಪಾಠದ ನಡುವೆ ಅದು ತಾನಾಗಿ ಆಫ್ ಆಗುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ಆಫ್ ಮಾಡಿದ ಮೇಲೆ ಫ್ಯಾನ್ ತಿರುಗಿ ನಿಲ್ಲುವವರೆಗೆ ಗೋಡೆಯ ಸ್ವಿಚ್ ಆರಿಸಬಾರದು.

ಇನ್ನು ವೇಳಾಪಟ್ಟಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. ಬಾಳಿಕೆ ಬರಬೇಕೆಂದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ ಸುಮಾರು 350 ವ್ಯಾಟ್ ಎಳೆದರೆ, ಯುಪಿಎಸ್‌ನಲ್ಲಿ ಆಗುವ ನಷ್ಟ ಕಳೆದು ಎರಡು ಗಂಟೆ ಸಿಗುತ್ತದೆ. ಅಂದರೆ 40 ನಿಮಿಷದ ಮೂರು ಪೀರಿಯಡ್. ಹಳ್ಳಿಯ ಕರೆಂಟನ್ನು ನಂಬದೆ ಲೆಕ್ಕ ಹಾಕಿದರೂ ಶನಿವಾರ ಬಿಟ್ಟು ವಾರಕ್ಕೆ 15 ಪೀರಿಯಡ್ ಆಯಿತು. 8, 9, 10ನೇ ತರಗತಿಗಳಿಗೆ ಎರಡೆರಡು ವಿಭಾಗ ಇದ್ದರೆ ಪ್ರತಿ ವಿಭಾಗಕ್ಕೂ ವಾರಕ್ಕೆ ಎರಡು ಕೊಟ್ಟು ಮೂರು ಉಳಿಯುತ್ತವೆ. ಇದನ್ನು ಮುಖ್ಯ ಶಿಕ್ಷಕರು ಜೂನ್‌ನಲ್ಲೇ, ಯಾವ ವಿಭಾಗ, ಯಾವ ವಿಷಯ ಎಂದು ವೇಳಾಪಟ್ಟಿಯಲ್ಲಿ ಬರೆದು ಹಚ್ಚಬೇಕು. 'ಬೇಕಾದವರು ಕೀಲಿ ಇಸಿದುಕೊಳ್ಳಿ' ಎಂದರೆ ಕೀಲಿ ಕೇಳುವವರು ಒಬ್ಬಿಬ್ಬರು ಶಿಕ್ಷಕರು ಮಾತ್ರ.

ಪಾಠದಲ್ಲೂ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. 35 ನಿಮಿಷದ ವಿಡಿಯೊ ಹಾಕಿ ಶಿಕ್ಷಕರು ಹಿಂದೆ ಕೂತರೆ ಮಕ್ಕಳು ನೋಡುತ್ತಾರೆ, ಕಲಿಯುವುದಿಲ್ಲ. ಕೋಶ ವಿಭಜನೆಯನ್ನೇ ತೆಗೆದುಕೊಳ್ಳಿ: ಐದಾರು ನಿಮಿಷದ ತುಣುಕು ಸಾಕು. ವರ್ಣತಂತುಗಳು ನಡುವೆ ಸಾಲುಗಟ್ಟಿದ ಜಾಗದಲ್ಲಿ ನಿಲ್ಲಿಸಿ 'ಮುಂದೇನಾಗುತ್ತದೆ, ಚಿತ್ರ ಬರೆಯಿರಿ' ಎನ್ನಬೇಕು. ಬರೆದ ಮೇಲೆ ಮುಂದಿನದನ್ನು ತೋರಿಸಬೇಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸಿಗುವ ದೀಕ್ಷಾ ಆ್ಯಪ್‌ನ ಪಾಠಗಳನ್ನು ಹಿಂದಿನ ಸಂಜೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ತರಗತಿಯಲ್ಲಿ ನೆಟ್ ಹುಡುಕುತ್ತಾ ನಿಂತರೆ ಹತ್ತು ನಿಮಿಷ ಅಲ್ಲೇ ಹೋಯಿತು. ಮುಖ್ಯ ಶಿಕ್ಷಕರು ವಾರಕ್ಕೊಂದು ಇಂಥ ಪಾಠದಲ್ಲಿ ಹಿಂದಿನ ಬೆಂಚಿನ ಮೇಲೆ ಕೂರಬೇಕು. ಅಕ್ಷರ ಕಾಣದಷ್ಟು ಕಿಟಕಿಯ ಬೆಳಕು ಬೀಳುವುದು ಅಲ್ಲಿಂದಲೇ ಗೊತ್ತಾಗುವುದು. ಎರಡು ದಪ್ಪ ಪರದೆ ಹಾಕಿದರೆ ಅದು ಸರಿಹೋಗುತ್ತದೆ.

ಕೆಟ್ಟ ಉಪಕರಣ ಬದಲಿಸಲು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಬಳಸಬಹುದು. 101ರಿಂದ 250 ಮಕ್ಕಳಿರುವ ಶಾಲೆಗೆ ಅದು ವರ್ಷಕ್ಕೆ 50,000 ರೂ. ಎಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆದು ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡಲಿ. ಮುಖ್ಯ ಶಿಕ್ಷಕರು ವರ್ಗವಾದಾಗ ಪಾಸ್‌ವರ್ಡ್, ವಾರಂಟಿ ಕಾಗದ, ಬ್ಯಾಟರಿಗೆ ನೀರು ಹಾಕಿದ ದಿನಾಂಕಗಳು ಪ್ರಭಾರ ಪಟ್ಟಿಯಲ್ಲಿ ಇರಲಿ.

ಇಲಾಖೆಯಲ್ಲಿ ನಮ್ಮ ಮನವಿ ಇಷ್ಟು: ಬಳಸಿ ಸವೆದ ವಸ್ತುವಿಗೆ ಮುಖ್ಯ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ತಪಾಸಣೆಗೆ ಬರುವ ಅಧಿಕಾರಿಗಳು ದಾಸ್ತಾನು ವಹಿಗಿಂತ ಮೊದಲು ಬಳಕೆಯ ವಹಿ ಕೇಳಲಿ.

— ಸರ್ಕಾರಿ ಪ್ರೌಢಶಾಲೆಗಳ ನಿವೃತ್ತ ಮುಖ್ಯ ಶಿಕ್ಷಕರು, ತುಮಕೂರು ಜಿಲ್ಲೆ