ಅಪ್ಪನಿಗೆ, ಸಾಕ್ಷಿ ಹೇಳುವ ವಿಚಾರವಾಗಿ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಅಮೆರಿಕದಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ?

ಲ್ಯಾಬಿನ ಸಹೋದ್ಯೋಗಿ ಒಬ್ಬರು ತಮಗಾದ ಭೇದಭಾವದ ಬಗ್ಗೆ ಕೊಡಲಿರುವ ದೂರಿಗೆ ನಾನು ಸಾಕ್ಷಿ ಹೇಳುತ್ತೇನೆ ಅಂದಾಗ, ಭಾನುವಾರ ಫೋನಿನಲ್ಲಿ ನೀವು "ಪರದೇಶದಲ್ಲಿ ಬೇರೆಯವರ ಜಗಳ ನಿನಗ್ಯಾಕೆ" ಅಂದಿರಿ. ಅಮ್ಮ ಪಕ್ಕದಲ್ಲೇ ಇದ್ದಳು ಅಂತ ನಾನು ಮಾತು ಬೆಳೆಸಲಿಲ್ಲ. ಇದು ನಿಧಾನವಾಗಿ ಬರೆದೇ ಹೇಳಬೇಕಾದ ವಿಷಯ.

ನಮ್ಮ ಲ್ಯಾಬಿನ ಆ ಕಪ್ಪು ಮಹಿಳೆ ಟೆಕ್ನಿಷಿಯನ್ ಬಗ್ಗೆ ಮೊದಲೂ ಹೇಳಿದ್ದೆ. ವ್ಯಾಕ್ಯೂಮ್ ಪಂಪುಗಳ ಕೆಲಸ ಅವರಷ್ಟು ಬಲ್ಲವರು ಇಲ್ಲಿಲ್ಲ. ಲೀಕ್ ಎಲ್ಲಿದೆ ಅಂತ ನಾವೆಲ್ಲ ತಲೆ ಕೆಡಿಸಿಕೊಂಡು ಕೂತಾಗ ಕರೆಯುವುದು ಅವರನ್ನೇ. ಅವರು ಕೈಹಿಡಿದು ಕೆಲಸ ಕಲಿಸಿದ ಇಬ್ಬರು ಹುಡುಗರು ಈಗ ಅವರಿಗಿಂತ ಮೇಲಿನ ಹುದ್ದೆಯಲ್ಲಿದ್ದಾರೆ. ಪ್ರತಿ ವರ್ಷ ಮ್ಯಾನೇಜರುಗಳು ಬಾಗಿಲು ಹಾಕಿಕೊಂಡು ಕೂತು ಎಲ್ಲರಿಗೂ ರ‍್ಯಾಂಕ್ ಕೊಡುತ್ತಾರೆ. ಸಂಬಳ, ಬಡ್ತಿ ಎರಡೂ ಅದರ ಮೇಲೆ. ಇವರಿಗೆ ಯಾಕೆ ಕೆಳಗಿನ ರ‍್ಯಾಂಕ್ ಅಂತ ಕೇಳಿದರೆ, "ನಾಯಕತ್ವದ ಗುಣ ಕಾಣಿಸಲಿಲ್ಲ" ಅನ್ನುವ ಒಂದೇ ಸಾಲು. ನಾನು ಇವರ ಕೆಲಸದ ಬಗ್ಗೆ ಎರಡು ಪುಟ ಬರೆದು ಮೇಲ್ ಮಾಡಿದ್ದೆ. ರಿವ್ಯೂನಲ್ಲಿ ಅದರ ಒಂದು ಮಾತೂ ಇಲ್ಲ. ಆ ಮೇಲ್ ನನ್ನ ಹತ್ತಿರ ಇರುವುದರಿಂದಲೇ ನನ್ನ ಸಾಕ್ಷಿಗೆ ಬೆಲೆ.

ಅಪ್ಪ, ನೀವು ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಜೀವಮಾನವಿಡೀ ಸಿ.ಆರ್. ಫೈಲು, ಅಂದರೆ ನೌಕರರ ಗೋಪ್ಯ ವರದಿಗಳನ್ನು ನೋಡಿದವರು. ಗುಟ್ಟಾಗಿ ಬರೆದಿಟ್ಟ ಒಂದು ಸಾಲು ಒಬ್ಬರ ಬಡ್ತಿಯನ್ನು ಹೇಗೆ ನುಂಗುತ್ತದೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಸಿ.ಆರ್.ನಲ್ಲಿ ಏನು ಬರೆದರೂ ನೌಕರರಿಗೆ ತಿಳಿಸಲೇಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನೀವೆಷ್ಟು ಖುಷಿಪಟ್ಟಿದ್ದಿರಿ! ನಾನಿಲ್ಲಿ ಕೇಳುತ್ತಿರುವುದೂ ಅದನ್ನೇ.

"ಸರಕಾರಿ ಲ್ಯಾಬು ತಾನೆ, ಮೇಲಿನವರಿಗೆ ಬರೆದರೆ ಆಯ್ತಲ್ಲ" ಅಂತಲೂ ಅಂದಿರಿ. ಕಷ್ಟ ಇರುವುದೇ ಅಲ್ಲಿ. ಇಲ್ಲಿನ ಇಂಧನ ಇಲಾಖೆಗೆ 17 ರಾಷ್ಟ್ರೀಯ ಲ್ಯಾಬುಗಳಿವೆ. ಅವುಗಳಲ್ಲಿ 16ನ್ನು ನಡೆಸುವುದು ಗುತ್ತಿಗೆ ಪಡೆದ ವಿಶ್ವವಿದ್ಯಾಲಯಗಳು, ಸಂಸ್ಥೆಗಳು, ಕಂಪನಿಗಳು. ದುಡ್ಡು ಜನರದ್ದು, ಆಡಳಿತ ಗುತ್ತಿಗೆದಾರರದ್ದು. ತಪ್ಪಾದಾಗ ಹೊಣೆ ಯಾರದು ಅಂತ ಹುಡುಕುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಲಾರೆನ್ಸ್ ಲಿವರ್‌ಮೋರ್ ಲ್ಯಾಬಿನ ಮಹಿಳೆಯರು ಸಂಬಳ, ಬಡ್ತಿಯಲ್ಲಿ ಭೇದ ಮಾಡುತ್ತಾರೆ ಅಂತ 1998ರಲ್ಲಿ ಕೇಸು ಹಾಕಿದರು. ಆಗ ಅದನ್ನು ನಡೆಸುತ್ತಿದ್ದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ರಾಜಿ ಆಗಿದ್ದು 2003ರಲ್ಲಿ, 97 ಲಕ್ಷ ಡಾಲರಿಗೆ. ದೊಡ್ಡ ಮೊತ್ತ ಅನ್ನಿಸುತ್ತದೆ ಅಲ್ವಾ? ಮಹಿಳೆಯರು 3,000ಕ್ಕೂ ಜಾಸ್ತಿ ಇದ್ದರು. ಹಂಚಿದರೆ ಒಬ್ಬೊಬ್ಬರಿಗೆ ಸುಮಾರು ಮೂರು ಸಾವಿರ ಡಾಲರ್. ಅಷ್ಟು ವರ್ಷ ಕಡಿಮೆ ಸಂಬಳ ತೆಗೆದುಕೊಂಡಿದ್ದಕ್ಕೆ ಇಷ್ಟು! ಇಂಥ ಕೇಸುಗಳಲ್ಲಿ ಗುತ್ತಿಗೆದಾರರ ವಕೀಲರ ಖರ್ಚನ್ನು ಇಲಾಖೆಯೇ ತುಂಬಿಕೊಟ್ಟದ್ದೂ ಉಂಟು. ಅಂದರೆ ಅನ್ಯಾಯವಾದವಳು ಕಟ್ಟಿದ ತೆರಿಗೆಯಲ್ಲೇ ಅವಳ ವಿರುದ್ಧ ವಾದ. ರ‍್ಯಾಂಕ್ ಬರೆದ ಮ್ಯಾನೇಜರ್ ಜೇಬಿನಿಂದ ಏನೂ ಹೋಗುವುದಿಲ್ಲ. ನನಗೆ ಸಹಿಸಲಾಗದ್ದು ಇದೇ.

ವಿಜ್ಞಾನಿ ವೆನ್ ಹೊ ಲೀ ಅವರ ಕಥೆ ನಿಮಗೆ ನೆನಪಿರಬಹುದು, ಆಗ ಪೇಪರಿನಲ್ಲಿ ಬಂದಿತ್ತು. ತೈವಾನಿನಲ್ಲಿ ಹುಟ್ಟಿದವರು, ಲಾಸ್ ಅಲಾಮೋಸ್ ಅಣ್ವಸ್ತ್ರ ಲ್ಯಾಬಿನಲ್ಲಿ 20 ವರ್ಷ ದುಡಿದವರು. ಚೀನಾದ ಗೂಢಚಾರ ಅನ್ನುವ ಗುಮಾನಿ ಮೇಲೆ ತನಿಖೆ ಶುರುವಾಯಿತು. 1999ರ ಮಾರ್ಚಿನಲ್ಲಿ ಕೆಲಸದಿಂದ ತೆಗೆದರು, ಡಿಸೆಂಬರಿನಲ್ಲಿ 59 ಆರೋಪ ಹೊರಿಸಿ ಬಂಧಿಸಿದರು. ಒಂಬತ್ತು ತಿಂಗಳು ಒಂಟಿ ಸೆರೆ. ಗೂಢಚರ್ಯೆಯ ಆರೋಪ ಮಾತ್ರ ಹೊರಿಸಲೇ ಇಲ್ಲ. ರಹಸ್ಯ ಮಾಹಿತಿಯನ್ನು ನಿಯಮ ಮೀರಿ ನಕಲು ಮಾಡಿಕೊಂಡದ್ದು ನಿಜ, ಆ ಒಂದು ತಪ್ಪನ್ನು ಅವರು ಒಪ್ಪಿಕೊಂಡರು. ಉಳಿದ 58 ಆರೋಪ ಬಿದ್ದುಹೋದವು. ಅವರನ್ನು ಸೆರೆಯಲ್ಲಿಟ್ಟ ರೀತಿಗೆ 2000ದ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ಪಾರ್ಕರ್ ಕೋರ್ಟಿನಲ್ಲೇ ಕ್ಷಮೆ ಕೇಳಿದರು. ಅವರ ಮೂಲ ಚೀನೀ ಅಂತಲೇ ಅವರ ಮೇಲೆ ಕಣ್ಣು ಬಿತ್ತು ಅಂತ ಆ ಲ್ಯಾಬಿನಲ್ಲಿ ಗೂಢಚರ್ಯೆ ತಡೆಯುವ ವಿಭಾಗದ ಹಿಂದಿನ ಮುಖ್ಯಸ್ಥರೇ ಹೇಳಿಕೆ ಕೊಟ್ಟಿದ್ದರು. ಒಳಗಿನವರು ಬಾಯಿಬಿಟ್ಟದ್ದಕ್ಕೆ ಅಷ್ಟಾದರೂ ಹೊರಗೆ ಬಂತು. ಅವರು ಸುಮ್ನೆ ಕೂತಿದ್ದರೆ?

ನಿಮ್ಮ ಭಯ ಸುಳ್ಳಲ್ಲ ಅಪ್ಪ. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಕೆಲಸ ಹೋದರೆ ಈ ವೀಸಾದಲ್ಲಿ ಹೆಚ್ಚೆಂದರೆ 60 ದಿನದ ಅವಕಾಶ. ದೂರು ಕೊಟ್ಟವರ ಮೇಲಾಗಲಿ, ಸಾಕ್ಷಿ ಹೇಳಿದವರ ಮೇಲಾಗಲಿ ಸೇಡು ತೀರಿಸಿಕೊಳ್ಳಬಾರದು ಅಂತ ಇಲ್ಲಿನ 1964ರ ನಾಗರಿಕ ಹಕ್ಕುಗಳ ಕಾನೂನಿನಲ್ಲೇ ಇದೆ. ಆದರೂ ಕಾನೂನು ಇದ್ದ ಮಾತ್ರಕ್ಕೆ ಯಾರೂ ಕಿರುಕುಳ ಕೊಡುವುದಿಲ್ಲ ಅಂತ ನಾನು ನಂಬಿಲ್ಲ. ವಕೀಲರನ್ನು ಕಂಡು ಮಾತಾಡಿದ್ದೇನೆ. ಎಲ್ಲ ಮೇಲುಗಳ ಪ್ರತಿ ತೆಗೆದಿಟ್ಟಿದ್ದೇನೆ. ಆ ಟೆಕ್ನಿಷಿಯನ್ ದೂರು ಕೊಡಲು ಇರುವ ಗಡುವು ಹತ್ತಿರ ಬರುತ್ತಿದೆ, ಅದಕ್ಕೇ ಈ ಅವಸರ.

ಅವರು ದುಡ್ಡು ಕೇಳುತ್ತಿಲ್ಲ. ರ‍್ಯಾಂಕ್ ಯಾವ ಅಳತೆಯ ಮೇಲೆ ಕೊಟ್ಟರು, ಯಾರು ಕೊಟ್ಟರು ಅಂತ ಬರವಣಿಗೆಯಲ್ಲಿ ಬೇಕು. ಭೇದ ಮಾಡಿದ್ದು ಸಾಬೀತಾದರೆ ಅದು ಆ ಮ್ಯಾನೇಜರಿನ ಸ್ವಂತ ರಿವ್ಯೂನಲ್ಲೂ ದಾಖಲಾಗಬೇಕು. ಇದು ಜಾಸ್ತಿ ಅಂತ ನಿಮಗೆ ಅನ್ನಿಸುತ್ತದೆಯಾ?

ಮುಂದಿನ ವಾರ ಹೇಳಿಕೆಗೆ ಸಹಿ ಹಾಕುತ್ತೇನೆ. ಅಮ್ಮನಿಗೆ ನೀವೇ ನಿಧಾನಕ್ಕೆ ಹೇಳಿ, ನಾನು ಹೇಳಿದರೆ ಗಾಬರಿಯಾಗುತ್ತಾಳೆ. ತಮ್ಮನ ಮದುವೆಗೆ ಖಂಡಿತ ಬರುತ್ತೇನೆ, ರಜೆ ಮಂಜೂರಾಗಿದೆ.

ಇಂತಿ ನಿಮ್ಮ ಮಗಳು,
ಸುಮಾ